ಪಂಡಿತಾ ರಮಾಬಾಯಿಯವರ ಆತ್ಮದಾಹ

ಕಾರ್ಕಳ ಸೀಮೆಯ ಮಾಳ ಗ್ರಾಮದ ಅನಂತಶಾಸ್ತ್ರಿ ಡೋಂಗ್ರೆಯವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದ ಕಾರಣ ಸ್ವಜನರ ವಿರೋಧಕ್ಕೆ ಗುರಿಯಾಗಿ, ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯವನ್ನು ಸೇರಿದರು. ಅಲ್ಲಿ 1858ನೆಯ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು. ಹೀಗೆ ಅವರು ನಮ್ಮ ಕನ್ನಡನಾಡಿನ ಮಗಳು.

ಕುಟುಂಬವು ತೀರ್ಥಯಾತ್ರೆಯಲ್ಲಿಯೇ ಕಾಲ ಕಳೆಯಿತು. ತಾಯಿಯಿಂದ ಕಲಿತ ಪುರಾಣದ ಸಾವಿರಾರು ಶ್ಲೋಕಗಳು ಬಾಲಿಕೆಗೆ ಕಂಠಸ್ಥವಾಗಿದ್ದವು. ಆದರೆ 1870ರ ದಶಕದ ಕ್ಷಾಮವು ತಂದೆ, ತಾಯಿ, ಅಕ್ಕ ಮೂವರನ್ನೂ ಕಸಿದುಕೊಂಡಿತು. ಅಣ್ಣನೊಡನೆ ಕಾಲ್ನಡಿಗೆಯಿಂದ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದಾಗ, ವಿದ್ವಾಂಸರು ಅವರನ್ನು ಪಂಡಿತಾ, ಸರಸ್ವತಿ ಎಂಬ ಬಿರುದುಗಳಿಂದ ಗೌರವಿಸಿದರು. ಬಿರುದು ದೊರೆಯಿತು, ಮನಃಶಾಂತಿ ದೊರೆಯಲಿಲ್ಲ. ಧರ್ಮಶಾಸ್ತ್ರಗಳನ್ನು ಓದಿದಷ್ಟೂ, ಸ್ತ್ರೀಗೆ ಸ್ವಂತವಾಗಿ ಮೋಕ್ಷದ ಹಾದಿಯಿಲ್ಲವೆಂದೇ ಅವರಿಗೆ ತೋರಿತು.

1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಅವರು ಜಾತಿಯ ಕಟ್ಟನ್ನು ಮೀರಿ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ವರಿಸಿದರು. 1882ರಲ್ಲಿ ಪತಿಯೂ ಅಗಲಲು, ಎಳೆಯ ಮಗಳಾದ ಮನೋರಮೆಯೊಡನೆ ವಿಧವೆಯಾಗಿ ಉಳಿದರು.

1883ರಲ್ಲಿ ಇಂಗ್ಲೆಂಡಿಗೆ ತೆರಳಿದ ಅವರು, ಅಲ್ಲಿ ಸಮಾಜವು ಪತಿತರೆಂದು ತಳ್ಳಿದ ಸ್ತ್ರೀಯರನ್ನು ಕ್ರೈಸ್ತ ಸಹೋದರಿಯರು ಆದರದಿಂದ ಉಪಚರಿಸುವುದನ್ನು ಕಂಡು ಬೆರಗಾದರು. ಈ ಕರುಣೆಯ ಮೂಲವೇನೆಂದು ವಿಚಾರಿಸಲು, ಯೇಸುಸ್ವಾಮಿಯು ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಮಾತನಾಡಿ ಜೀವಜಲವನ್ನು ವಾಗ್ದಾನ ಮಾಡಿದ ವೃತ್ತಾಂತವನ್ನು ಅವರಿಗೆ ತಿಳಿಸಲಾಯಿತು. ಅಗಡಿ, ಹಾವೇರಿ, ಬ್ಯಾಡಗಿಗಳ ಸೀಮೆಯಲ್ಲಿ ತಲೆಯ ಮೇಲೆ ಕೊಡಹೊತ್ತು ನೀರು ತಂದ ಅಜ್ಜಿಯರ ಮೊಮ್ಮಕ್ಕಳಾದ ನಮಗೆ ಆ ಬಾವಿಯಾಗಲಿ, ಯಾರೂ ಇಲ್ಲದ ಹೊತ್ತಿನಲ್ಲಿ ನೀರಿಗೆ ಬರುವ ಹೆಣ್ಣಿನ ಸಂಕೋಚವಾಗಲಿ ಪರಕೀಯವಲ್ಲ. ಕುಲವನ್ನೂ ಶೀಲವನ್ನೂ ಎಣಿಸದೆ ಹೆಣ್ಣನ್ನು ಕರೆಯುವ ರಕ್ಷಕನನ್ನು ರಮಾಬಾಯಿಯವರು ಅಲ್ಲಿ ಕಂಡರು. 1883ನೆಯ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಹೊಂದಿದರು.

ಆದರೂ ಅವರು ವಿಚಾರ ಮಾಡುವುದನ್ನು ಬಿಡಲಿಲ್ಲ. ಸಭೆಯ ಬೋಧನೆಗಳ ವಿಷಯದಲ್ಲಿ ತಮಗೆ ಕಲಿಸಿದವರೊಡನೆಯೇ ವಾದಿಸಿದರು. ಸುಮಾರು ಎಂಟು ವರ್ಷಗಳ ಅನಂತರ, ತಾವು ಕ್ರೈಸ್ತಮತವನ್ನು ಪಡೆದಿದ್ದರೂ ಕ್ರಿಸ್ತನನ್ನು ಇನ್ನೂ ಪಡೆದಿಲ್ಲವೆಂದು ಅವರಿಗೆ ಅರಿವಾಯಿತು. ಆತನಿಗೆ ತಮ್ಮನ್ನು ಪೂರ್ಣವಾಗಿ ಒಪ್ಪಿಸಿದ ಮೇಲೆಯೇ ಅವರ ದಾಹವು ತಣಿಯಿತು.

ಈ ಶಾಂತಿಗೆ ಅವರು ಬೆಲೆ ತೆರಬೇಕಾಯಿತು. ವಿಧವೆಯರಿಗಾಗಿ ಅವರು 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನವು ಮರುವರ್ಷ ಪುಣೆಗೆ ಬಂದಿತ್ತು. ಬಾಲೆಯರು ಅವರ ಪ್ರಾರ್ಥನೆಯಲ್ಲಿ ಕೂಡುತ್ತಿದ್ದುದರಿಂದ ಮತಾಂತರದ ಆಕ್ಷೇಪವೆದ್ದು, 1893ರಲ್ಲಿ ರಾನಡೆ, ಭಾಂಡಾರಕರರಂತಹ ಹಿತೈಷಿಗಳೂ ಸಲಹಾಮಂಡಲಿಯನ್ನು ತೊರೆದರು. ಅನೇಕ ವಿದ್ಯಾರ್ಥಿನಿಯರನ್ನು ಮನೆಯವರು ಕರೆದೊಯ್ದರು. ಬಾಯಿಯವರು ನೊಂದರು, ಆದರೆ ಪ್ರಾರ್ಥನೆಯ ಬಾಗಿಲನ್ನು ಮುಚ್ಚಲಿಲ್ಲ.

1896ರಲ್ಲಿ ಮಧ್ಯಪ್ರಾಂತಕ್ಕೆ ಕ್ಷಾಮ ಬಂದಾಗ, ಸ್ವತಃ ಹಸಿವನ್ನು ಬಲ್ಲ ಅವರು ತಾವೇ ಹೋಗಿ ನೂರಾರು ಅನಾಥೆಯರನ್ನು ಕರೆತಂದರು. ಪುಣೆಯ ಸಮೀಪದ ಕೇಡಗಾಂವದಲ್ಲಿ ಅವರಿಗಾಗಿ ಮುಕ್ತಿಸದನವು ಬೆಳೆಯಿತು. ಅಲ್ಲಿ ಓದಿನೊಡನೆ ನೇಯ್ಗೆ, ಒಕ್ಕಲುತನ, ಮುದ್ರಣಗಳನ್ನು ಕಲಿಸಿದರು. ಸಾಮಾನ್ಯ ಸ್ತ್ರೀಯರಿಗೂ ತಿಳಿಯಲೆಂದು ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಸಿಸಿ ಸತ್ಯವೇದವನ್ನು ಸರಳ ಮರಾಠಿಗೆ ತಂದರು. 1921ರಲ್ಲಿ ಮನೋರಮೆಯನ್ನು ಕಳೆದುಕೊಂಡ ತಾಯಿ, 1922ನೆಯ ಏಪ್ರಿಲ್ 5ರಂದು ತಾವೂ ವಿಶ್ರಾಂತಿ ಹೊಂದಿದರು.

ವಿದ್ಯೆಯು ರಮಾಬಾಯಿಯವರಿಗೆ ಪ್ರಶ್ನಿಸುವ ಧೈರ್ಯವನ್ನು ಕೊಟ್ಟಿತು. ಕ್ರಿಸ್ತನ ಪ್ರೀತಿಯು ಅವರ ಹೃದಯವನ್ನು ತುಂಬಿತು. ತಾವು ಕುಡಿದ ನೀರನ್ನು ಅವರು ಇತರರಿಗೂ ಮೊಗೆದುಕೊಟ್ಟರು. ಈ ಶಾಲೆಯಲ್ಲಿ ಅಕ್ಷರ ಕಲಿಯುವ ನಾವೂ ನಮ್ಮ ಕೊಡವನ್ನು ಅಲ್ಲಿಯೇ ತುಂಬಿಕೊಂಡು, ಬಾಯಾರಿದವರ ಮನೆಬಾಗಿಲಿಗೆ ಒಯ್ಯುವಂತಾಗಲಿ.