ಸಹಕಾರಿ ಪಂಡಿತ ಧನಂಜಯರಾವ್ ಗಾಡ್ಗೀಳರು

ಬೆಳ್ಳಿ ಹಬ್ಬದ ಈ ಶುಭ ಸಂದರ್ಭದಲ್ಲಿ ನಾವು ನೆನೆಯಲೇಬೇಕಾದ ಮಹನೀಯರಲ್ಲಿ ಪ್ರೊ. ಧನಂಜಯರಾವ್ ಗಾಡ್ಗೀಳರು ಒಬ್ಬರು. ಸಹಕಾರ ಸಂಘ ಅಂದ್ರೆ ಬರೀ ಸಾಲ-ಗೊಬ್ಬರ ಕೊಡೋ ಜಾಗವಲ್ಲ, ಸದಸ್ಯರೇ ನಡೆಸಬೇಕಾದ ಸಂಸ್ಥೆ ಎಂಬುದನ್ನು ಓದಿನಿಂದಲೂ ದುಡಿಮೆಯಿಂದಲೂ ತೋರಿಸಿದವರು ಅವರು.

ಗಾಡ್ಗೀಳರು ಹುಟ್ಟಿದ್ದು 1901ರಲ್ಲಿ, ನಾಸಿಕದಲ್ಲಿ. ಓದಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಭಾರತದ ಕೈಗಾರಿಕೆಗಳ ಬೆಳವಣಿಗೆ ಕುರಿತ ಅವರ ಗ್ರಂಥ 1924ರಲ್ಲಿ ಪ್ರಕಟವಾಯಿತು. 1930ರಲ್ಲಿ ಪುಣೆಯಲ್ಲಿ ಗೋಖಲೆ ರಾಜಕೀಯ ಮತ್ತು ಅರ್ಥಶಾಸ್ತ್ರ ಸಂಸ್ಥೆ ಹುಟ್ಟಿದಾಗ ಅದರ ಮೊದಲ ನಿರ್ದೇಶಕರಾಗಿ, 1966ರವರೆಗೆ ಅಲ್ಲೇ ಸೇವೆ ಸಲ್ಲಿಸಿದರು. ಜನರ ಬಳಿಗೇ ಹೋಗಿ ಅವರ ಬದುಕಿನ ಲೆಕ್ಕ ತಿಳಿಯುವುದು ಆ ಸಂಸ್ಥೆಯ ಸಂಶೋಧನೆಯ ರೀತಿಯಾಗಿತ್ತು.

ಬರೆದು ಸುಮ್ಮನಾಗುವ ಪಂಡಿತರು ಅವರಲ್ಲ. ಅಂದಿನ ಅಹಮದ್‌ನಗರ ಜಿಲ್ಲೆಯ ಲೋಣಿಯ ರೈತ ವಿಠ್ಠಲರಾವ್ ವಿಖೆ ಪಾಟೀಲರು ಹಳ್ಳಿ ಹಳ್ಳಿ ತಿರುಗಿ ಷೇರು ಕೂಡಿಸುತ್ತಿದ್ದಾಗ ಅವರ ಬೆನ್ನಿಗೆ ನಿಂತರು. ರೈತರದೇ ಆದ ಪ್ರವರಾ ಸಕ್ಕರೆ ಕಾರ್ಖಾನೆಗೆ ಗಾಡ್ಗೀಳರು ಅಧ್ಯಕ್ಷರು, ವಿಖೆ ಪಾಟೀಲರು ಉಪಾಧ್ಯಕ್ಷರು. 1950ರ ಕೊನೆಗೆ ಕಬ್ಬು ಅರೆಯುವುದು ಶುರುವಾಯಿತು. ಪ್ರೊಫೆಸರರೂ ಕಬ್ಬಿನ ರೈತರೂ ಒಂದೇ ಮೇಜಿಗೆ ಕೂತರು.

1951ರಲ್ಲಿ ಆರಂಭವಾದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಸಮಿತಿಯಲ್ಲೂ ಅವರಿದ್ದರು. ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3ರ ಆಸುಪಾಸು ಮಾತ್ರ ಅಂತ ತಿಳಿದುಬಂತು. ಉಳಿದದ್ದರಲ್ಲಿ ಬಹುಪಾಲು ಲೇವಾದೇವಿಗಾರರದು. 1905ರಲ್ಲೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಂಘ ಕಟ್ಟಿದ ನಾಡಿನವರಾದ ನಮಗೆ ಈ ಲೆಕ್ಕ ಕಣ್ಣು ತೆರೆಸುವಂಥದ್ದು. ಸಮಿತಿ ಸೋಲನ್ನು ಮುಚ್ಚಿಡಲಿಲ್ಲ. ಹಾಗಂತ ಸಹಕಾರವನ್ನು ಕೈಬಿಡಲೂ ಇಲ್ಲ. ಸರ್ಕಾರವೂ ಷೇರು ಹಾಕಿ ಸಂಘಗಳನ್ನು ಬಲಪಡಿಸಬೇಕೆಂದು 1954ರಲ್ಲಿ ಸಲಹೆ ಕೊಟ್ಟಿತು.

1967ರಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾದ ಗಾಡ್ಗೀಳರು, ರಾಜ್ಯಗಳಿಗೆ ಕೇಂದ್ರದ ನೆರವು ಹಂಚುವ ಸೂತ್ರ ರೂಪಿಸಿದರು. ಅದು ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. 1971ರ ಮೇ ತಿಂಗಳಲ್ಲಿ, ಆ ಹುದ್ದೆ ಬಿಟ್ಟು ಪುಣೆಗೆ ಮರಳುವ ದಾರಿಯಲ್ಲಿ ತೀರಿಕೊಂಡರು.

ಸರ್ಕಾರದ ಷೇರು ಬಂದರೆ ಸಂಘಕ್ಕೆ ಬಲ ಬರುತ್ತದೆ, ನಿಜ. ಆದರೆ ಸದಸ್ಯರು ಸುಮ್ಮನಿದ್ದರೆ ಅಧಿಕಾರವೂ ಅದರ ಹಿಂದೆಯೇ ಹೋಗುತ್ತದೆ. ಸಾಲಕ್ಕೆ ಮಾತ್ರ ಬಂದು, ಮಹಾಸಭೆಗೆ ಬಾರದೆ, ಬಂದರೂ ಲೆಕ್ಕ ಕೇಳದೆ ಊಟ ಮಾಡಿ ಹೋದರೆ ಸಂಘ ನಮ್ಮದಾಗಿ ಉಳಿಯೋದು ಹ್ಯಾಗೆ? ಮುಂದಿನ ಮಹಾಸಭೆಗೆ ನಾವೆಲ್ಲ ಬರೋಣ, ಲೆಕ್ಕ ಕೇಳೋಣ. ಆ ಹಿರಿಯರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.