ಕೀರ್ತಿಯ ಹಂಬಲವನ್ನು ಗೆದ್ದ ಶಿವಯೋಗಿ ಸಿದ್ಧರಾಮೇಶ್ವರರು

ಮನುಷ್ಯನಿಗೆ ಅನ್ನದ ಹಸಿವು ದಿನಕ್ಕೆ ಎರಡು ಸಲ. ಹೆಸರಿನ ಹಸಿವು ಮಾತ್ರ ದಿನವಿಡೀ. ಅನ್ನದ ಹಸಿವು ಉಂಡರೆ ತಣಿಯುತ್ತದೆ, ಹೆಸರಿನ ಹಸಿವು ಉಂಡಷ್ಟೂ ಹೆಚ್ಚುತ್ತದೆ. ಹೊನ್ನು ಮಣ್ಣುಗಳ ಆಸೆಯನ್ನು ಬಿಟ್ಟ ಸಾಧು ಸತ್ಪುರುಷರನ್ನು ಕೂಡ ಇದು ಬೆನ್ನು ಹತ್ತಿ ಕಾಡುತ್ತದೆ. ಅಂಥ ಆಸೆ ತಮ್ಮೊಳಗೂ ಉಳಿದಿದೆಯೆಂದು ತಿಳಿದೊಡನೆ ಅದನ್ನು ಕಳಚಿಟ್ಟು ನಡೆದ ಮಹಾಪುರುಷರು ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು. ಜಾತ್ರೆಯ ಈ ಶುಭ ಸಂದರ್ಭದಲ್ಲಿ ಅವರ ಚರಿತ್ರೆಯನ್ನು ಸ್ಮರಿಸುವುದು ಉಚಿತವಾಗಿದೆ.

ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. 12ನೆಯ ಶತಮಾನದಲ್ಲಿ ಇಲ್ಲಿಯ ಒಕ್ಕಲು ಮನೆತನದ ಮುದ್ದುಗೌಡ ಹಾಗೂ ಸುಗ್ಗಲಾದೇವಿ ದಂಪತಿಗಳ ಉದರದಲ್ಲಿ ಸಿದ್ಧರಾಮರು ಜನಿಸಿದರು. ಇಂಥ ಮಗ ಹುಟ್ಟುವನೆಂದು ಸಿದ್ಧಪುರುಷರಾದ ರೇವಣಸಿದ್ಧರು ಮೊದಲೇ ತಿಳಿಸಿದ್ದರೆಂದು ಪ್ರತೀತಿ. ಇವರ ಬಾಲ್ಯದ ಕಥೆಯನ್ನು ಮಹಾಕವಿ ಹರಿಹರನ ಸೋದರಳಿಯ ರಾಘವಾಂಕನು ತನ್ನ ‘ಸಿದ್ಧರಾಮ ಚಾರಿತ್ರ’ ಎಂಬ ಷಟ್ಪದಿ ಕಾವ್ಯದಲ್ಲಿ ಸವಿಸ್ತಾರವಾಗಿ ಹೇಳಿದ್ದಾನೆ.

ಹುಡುಗನಿಗೆ ಮಾತು ಕಡಿಮೆ, ಆಟದಲ್ಲಿ ಮನಸ್ಸಿಲ್ಲ. ಊರವರ ಕಣ್ಣಿಗೆ ಅವನು ಮಂಕು. ಹೊಲ ಕಾಯಲು ಹೋದಾಗ ಒಂದು ದಿನ ಜಂಗಮನೊಬ್ಬನು ಬಂದು, ತನ್ನ ಹೆಸರು ಮಲ್ಲಯ್ಯ, ಊರು ಶ್ರೀಶೈಲ ಎಂದು ತಿಳಿಸಿದನು. ಹುಡುಗನು ಸುಟ್ಟು ಕೊಟ್ಟ ಎಳೆ ತೆನೆಯನ್ನು ತಿಂದು, ಹೊಟ್ಟೆ ಉರಿಯುತ್ತದೆ, ತಂಪಿಗೆ ಮೊಸರನ್ನ ಬೇಕು ಎಂದನು. ಹುಡುಗನು ಮನೆಗೆ ಓಡಿ ತಾಯಿಯಿಂದ ಮೊಸರನ್ನ ತರುವಷ್ಟರಲ್ಲಿ ಮಲ್ಲಯ್ಯ ಅಲ್ಲಿರಲಿಲ್ಲ. ಮಲ್ಲಯ್ಯಾ ಮಲ್ಲಯ್ಯಾ ಎಂದು ಕೂಗುತ್ತ, ಅಳುತ್ತ, ಶ್ರೀಶೈಲದ ಯಾತ್ರಿಕರ ಬೆನ್ನು ಹತ್ತಿ ಹೋದನು. ಅಲ್ಲಿ ಜನರು ಗುಡಿಯೊಳಗಿನ ಲಿಂಗವನ್ನು ತೋರಿಸಿದರೆ, ತನ್ನ ಹತ್ತಿರ ಮೊಸರನ್ನ ಬೇಡಿದ ಮಲ್ಲಯ್ಯ ಇವನಲ್ಲವೆಂದು ಹಟ ಹಿಡಿದನು. ಕಡೆಗೆ ಆಳವಾದ ಕಮರಿಗೆ ಹಾರಲು ಹೊರಟಾಗ ಸಾಕ್ಷಾತ್ ಮಲ್ಲಿಕಾರ್ಜುನನೇ ಕೈ ಹಿಡಿದೆತ್ತಿ, ಊರಿಗೆ ಮರಳಿ ಸೊನ್ನಲಿಗೆಯನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡೆಂದು ಅಪ್ಪಣೆ ಕೊಟ್ಟನೆಂದು ಕವಿ ವರ್ಣಿಸಿದ್ದಾನೆ.

ಇಲ್ಲಿಯವರೆಗಿನ ಸಿದ್ಧರಾಮರಲ್ಲಿ ಕೀರ್ತಿಯ ಸೋಂಕಿಲ್ಲ. ಹಸಿದವನಿಗೆ ತಂದ ಅನ್ನ ತಣ್ಣಗಾಗುತ್ತದೆಂಬ ಚಿಂತೆಯೊಂದೇ. ಮುಂದೆ ಅವರ ಬದುಕು ದೊಡ್ಡದಾಗುತ್ತ ಹೋಯಿತು. ಸೊನ್ನಲಿಗೆಯಲ್ಲಿ ಕಪಿಲಸಿದ್ಧ ಮಲ್ಲಿಕಾರ್ಜುನನ ದೇವಾಲಯ ಎದ್ದಿತು. ಊರಿನ ಸುತ್ತಲೂ 68 ಲಿಂಗಗಳು ಪ್ರತಿಷ್ಠೆಯಾದವು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ನೀರಿಗಿಂತ ದೊಡ್ಡ ದಾನವಿಲ್ಲವೆಂದು ತಿಳಿದು ಸಿದ್ಧರಾಮರು ದೊಡ್ಡ ಕೆರೆಯನ್ನು ತೋಡಿಸಲಾರಂಭಿಸಿದರು. ಬಾವಿ, ತೋಟ, ಅನ್ನಛತ್ರಗಳಾದವು. ಸಾವಿರಾರು ಶಿಷ್ಯರು ಗುದ್ದಲಿ ಬುಟ್ಟಿ ಹಿಡಿದು ಮಣ್ಣು ಹೊತ್ತರು. ಕೆಲಸ ಬೆಳೆದಂತೆ ಹೆಸರೂ ಬೆಳೆಯಿತು. ದೂರ ದೂರದಿಂದ ಜನರು ಬಂದು ಅಡ್ಡಬೀಳತೊಡಗಿದರು.

ಆಗ ಬಂದವರು ಅಲ್ಲಮಪ್ರಭುಗಳು. ಈ ಭೇಟಿಯ ಪ್ರಸಂಗವು ‘ಶೂನ್ಯಸಂಪಾದನೆ’ಯಲ್ಲಿ ಪ್ರಸಿದ್ಧವಾಗಿದೆ. ಕೆರೆಯ ದಂಡೆಯ ಮೇಲೆ ನಿಂತು ಪ್ರಭುಗಳು, ಸಿದ್ಧರಾಮನೆಂಬ ಒಡ್ಡನೆಲ್ಲಿ ಎಂದು ವಿಚಾರಿಸಿದರಂತೆ. ಗುರುಗಳನ್ನು ಮಣ್ಣು ಅಗೆಯುವ ಒಡ್ಡನೆಂದು ಕರೆದದ್ದಕ್ಕೆ ಶಿಷ್ಯರು ಕೆರಳಿ ಕಲ್ಲು ಎಸೆದರು. ಆ ಕಲ್ಲುಗಳು ಪ್ರಭುಗಳಿಗೆ ತಾಗಲಿಲ್ಲ. ಸುದ್ದಿ ತಿಳಿದು ಬಂದ ಸಿದ್ಧರಾಮರು ಕೋಪದಿಂದ ಹಣೆಗಣ್ಣನ್ನೇ ತೆರೆದರು. ಆ ಬೆಂಕಿಯೂ ಪ್ರಭುಗಳನ್ನು ಸುಡಲಿಲ್ಲ, ಅವರ ಪಾದದಲ್ಲಿ ಅಡಗಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮಣ್ಣು ಅಗೆಯಿಸುತ್ತಿದ್ದದ್ದು ನಿಜ. ಒಡ್ಡ ಎಂಬ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅದು ದುಡಿದು ಉಣ್ಣುವವರ ಹೆಸರು. ಆದರೂ ಸಿಟ್ಟು ಬಂದಿತು. ಏಕೆಂದರೆ ಅಷ್ಟರಲ್ಲಿ ಹೆಸರು ಕೆಲಸಕ್ಕಿಂತ ದೊಡ್ಡದಾಗಿತ್ತು. ಕೀರ್ತಿಯು ಮನುಷ್ಯನಿಗೆ ಮಾಡುವ ಮೊದಲನೆಯ ಹಾನಿ ಇದೇ. ಒಂದು ಮಾತನ್ನು ತಾಳುವ ಶಕ್ತಿಯನ್ನು ಅದು ಕಸಿದುಕೊಳ್ಳುತ್ತದೆ. ಎರಡನೆಯ ಹಾನಿ ಇದಕ್ಕೂ ಕೆಟ್ಟದ್ದು. ಕೀರ್ತಿವಂತನ ಸುತ್ತ ನಿಂತವರು ಅವನ ಹೆಸರಿನಲ್ಲಿ ಕಲ್ಲು ಎತ್ತುತ್ತಾರೆ. ಕೆರೆ ಕಟ್ಟಲು ತಂದ ಕಲ್ಲು ಅತಿಥಿಯ ಮೈಮೇಲೆ ಬೀಳುತ್ತದೆ.

ಅಲ್ಲಮಪ್ರಭುಗಳು ಕೆರೆ ಗುಡಿಗಳು ಬೇಡವೆಂದು ಹೇಳಲು ಬಂದವರಲ್ಲ. ನಾನು ಮಾಡಿದೆ, ನನಗೆ ಪುಣ್ಯ ಬಂತು, ನನ್ನ ಹೆಸರು ನಿಂತಿತು ಎಂಬ ಭಾವವು ಒಳಗೆ ಇರುವತನಕ ಎಷ್ಟು ಅಗೆದರೂ ಮನಸ್ಸಿನ ಮಣ್ಣು ಕರಗುವುದಿಲ್ಲವೆಂಬುದೇ ಅವರ ಬೋಧೆಯ ತಾತ್ಪರ್ಯ. ಸಿದ್ಧರಾಮರಿಗೆ ಅದು ತಟ್ಟಿತು. ಸಾವಿರಾರು ಜನರಿಂದ ಪೂಜೆಗೊಳ್ಳುತ್ತಿದ್ದ ಗುರುವು ಎಲ್ಲರೆದುರಿಗೆ ತನ್ನ ತಪ್ಪನ್ನು ಒಪ್ಪಿಕೊಂಡು, ತನ್ನೂರನ್ನು ಬಿಟ್ಟು, ಪ್ರಭುಗಳ ಜೊತೆಗೆ ಕಲ್ಯಾಣದ ದಾರಿ ಹಿಡಿದದ್ದು ಸಾಮಾನ್ಯ ಸಂಗತಿಯಲ್ಲ.

ಬಸವಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆ. ಅಲ್ಲಿ ಅಗಸರು, ಅಂಬಿಗರು, ಸಮಗಾರರು ಸಹ ಶರಣರಾಗಿ ಸಮನಾಗಿ ಕುಳಿತಿದ್ದರು. ಸೊನ್ನಲಿಗೆಯಲ್ಲಿ ಎಲ್ಲರಿಗಿಂತ ಮೇಲೆ ಕುಳಿತಿದ್ದವರು ಅಲ್ಲಿ ಹತ್ತರಲ್ಲಿ ಒಬ್ಬರಾದರು. ಇಷ್ಟಲಿಂಗದ ಅಗತ್ಯದ ಬಗ್ಗೆ ಅವರಿಗಿದ್ದ ಸಂಶಯವು ಚರ್ಚೆಯಿಂದ ಪರಿಹಾರವಾದ ಮೇಲೆ, ವಯಸ್ಸಿನಲ್ಲಿ ತಮಗಿಂತ ಕಿರಿಯರಾದ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ಹಿರಿಯನು ಕಿರಿಯನ ಮುಂದೆ ತಲೆಬಾಗುವುದು ಹೆಸರಿನ ಆಸೆ ಇರುವವರಿಂದ ಆಗುವ ಕೆಲಸವಲ್ಲ. ಮುಂದೆ ಅಲ್ಲಮಪ್ರಭುಗಳು ಮತ್ತು ಚೆನ್ನಬಸವಣ್ಣನವರ ತರುವಾಯ ಶೂನ್ಯಪೀಠದ ಮೂರನೆಯ ಅಧ್ಯಕ್ಷತೆಯು ತಾನಾಗಿಯೇ ಇವರನ್ನು ಹುಡುಕಿಕೊಂಡು ಬಂದಿತು. ಕಪಿಲಸಿದ್ಧ ಮಲ್ಲಿಕಾರ್ಜುನ ಅಂಕಿತದಲ್ಲಿ ಅವರು ರಚಿಸಿದ ವಚನಗಳಲ್ಲಿ ಒಂದು ಸಾವಿರಕ್ಕೂ ಹೆಚ್ಚು ಇಂದು ದೊರೆಯುತ್ತವೆ. ಆ ಅಂಕಿತದಲ್ಲಿಯೂ ಇರುವುದು ದೇವರ ಹೆಸರು.

ಕಡೆಗಾಲದಲ್ಲಿ ಅವರು ಸೊನ್ನಲಿಗೆಗೆ ಮರಳಿ ಇಲ್ಲಿಯೇ ಸಮಾಧಿಸ್ಥರಾದರು. ಅವರ ಸಮಾಧಿ ಇರುವ ಸಿದ್ಧೇಶ್ವರ ದೇವಾಲಯವು ಸೊಲ್ಲಾಪುರದಲ್ಲಿ ಕೆರೆಯ ನೀರಿನ ನಡುವೆ ಇದೆ. ಚಾಲುಕ್ಯರು, ಕಳಚುರಿಗಳು, ಯಾದವರು, ಬಹಮನಿಗಳು, ಆದಿಲಶಾಹಿಗಳು, ಪೇಶ್ವೆಗಳು, ಇಂಗ್ಲಿಷರು ಎಲ್ಲರೂ ಬಂದು ಹೋದರು. 1960ರಿಂದ ಊರು ಮಹಾರಾಷ್ಟ್ರ ರಾಜ್ಯದಲ್ಲಿದೆ. ಆದರೂ ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಕನ್ನಡ, ಮರಾಠಿ, ತೆಲುಗು ಮಾತನಾಡುವ ಜನರೆಲ್ಲ ಒಟ್ಟಾಗಿ ಸೇರುತ್ತಾರೆ. ಕುಂಬಾರರ ಕನ್ಯೆಯೊಬ್ಬಳು ಸಿದ್ಧರಾಮರನ್ನೇ ವರಿಸುವೆನೆಂದು ಹಟ ಹಿಡಿದಾಗ ಅವರು ತಮ್ಮ ಯೋಗದಂಡದೊಡನೆ ಮದುವೆಗೆ ಒಪ್ಪಿದರೆಂಬ ಐತಿಹ್ಯವಿದೆ. ಅದರ ನೆನಪಿಗಾಗಿ ಏಳು ನಂದಿಕೋಲುಗಳ ಮೆರವಣಿಗೆ ಹೊರಟು ಅಕ್ಷತೆ ಬೀಳುತ್ತದೆ. ಅಂದು ಬಿಳಿಯ ಬಾರಾಬಂದಿ ತೊಟ್ಟ ಸಾವಿರಾರು ಭಕ್ತರಲ್ಲಿ ಧನಿ ಯಾರು, ಕೂಲಿ ಯಾರು ಎಂಬುದು ಗುರುತಾಗುವುದಿಲ್ಲ.

ಇನ್ನೊಂದು ಮಾತು. ಯಾವ ಹೆಸರು ಕೇಳಿ ಕೆರೆಯ ದಂಡೆಯ ಮೇಲೆ ಕಲ್ಲು ಹಾರಿದವೋ, ಅದೇ ಹೆಸರಿನ ದುಡಿಯುವ ಜನ, ಅಂದರೆ ಕಲ್ಲು ಮಣ್ಣಿನ ಕಾಯಕದ ಭೋವಿ ಸಮಾಜದವರು, ಇಂದು ಸಿದ್ಧರಾಮೇಶ್ವರರನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಚಿತ್ರದುರ್ಗದಲ್ಲಿ ಅವರ ಗುರುಪೀಠವಿದೆ. ಬೈಗಳೆಂದು ತಿಳಿದ ಮಾತೇ ಕಡೆಗೆ ಅವರ ಹಿರಿಮೆಯಾಗಿ ಉಳಿಯಿತು.

ಇಂದು ಗುಡಿಯ ಮೆಟ್ಟಿಲಿಗೆ ಒಂದು ಫರಸಿ ಕೊಟ್ಟರೂ ಅದರ ಮೇಲೆ ಹೆಸರು ಕೆತ್ತಿಸುವವರಿದ್ದಾರೆ. ಆಮೇಲೆ ಊರವರೆಲ್ಲ ಆ ಹೆಸರನ್ನೇ ತುಳಿದು ಒಳಗೆ ಹೋಗುತ್ತಾರೆ. ಜಾತ್ರೆಯ ಹಸ್ತಪತ್ರಿಕೆಯಲ್ಲಿ ಹೆಸರು ಕೆಳಗೆ ಬಂತೆಂದು ಮುನಿಸಿಕೊಂಡು ತೇರಿಗೆ ಬಾರದೆ ಉಳಿಯುವವರೂ ಪ್ರತಿ ಊರಿನಲ್ಲಿದ್ದಾರೆ. ದಾನಿಗಳ ಹೆಸರು ಬರೆಯುವುದು ತಪ್ಪಲ್ಲ. ದೇವರ ದುಡ್ಡಿನ ಲೆಕ್ಕ ಚೊಕ್ಕವಾಗಿರಬೇಕಾದರೆ ಯಾರು ಎಷ್ಟು ಕೊಟ್ಟರೆಂದು ಖಾತೆಯಲ್ಲಿ ಬರೆಯಲೇಬೇಕು. ಆದರೆ ಖಾತೆಗಾಗಿ ಬರೆದ ಹೆಸರು ಬೇರೆ, ಹೆಸರಿಗಾಗಿ ಕೊಟ್ಟ ಕಾಣಿಕೆ ಬೇರೆ.

ಸೊನ್ನಲಿಗೆಯ ಕೆರೆಯಲ್ಲಿ ಮಣ್ಣು ಹೊತ್ತ ಸಾವಿರಾರು ಮಂದಿಯ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ನೀರು ಮಾತ್ರ ಇದೆ. ಕೀರ್ತಿಯನ್ನು ಬೆನ್ನಟ್ಟಿದಾಗ ಸಿದ್ಧರಾಮರಿಗೆ ಬಂದದ್ದು ಕೋಪ, ಅದನ್ನು ಬಿಟ್ಟಾಗ ಬಂದದ್ದು ಶಾಂತಿ. ಎಂಟು ನೂರು ವರ್ಷಗಳ ಮೇಲೆಯೂ ಜನರ ಬಾಯಲ್ಲಿ ಅವರ ಹೆಸರು ನಿಂತಿರುವುದು ಅವರು ಅದನ್ನು ಬಿಟ್ಟ ಮೇಲಿನ ಮಾತು. ಅವರ ಕೃಪೆಯು ಸಕಲ ಭಕ್ತಾದಿಗಳ ಮೇಲಿರಲಿ.