ಮಕ್ಕಳಿಗೆ ಲೋಕವನ್ನು ತೋರಿಸಿದ ನಿರಾಶ್ರಿತ

ಊರು ಬಿಟ್ಟು ಬಂದವರ ಮಕ್ಕಳಿಗೆ ಲೋಕವು ಬೇಗನೆ ಎದುರಾಗುತ್ತದೆ. ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು ಭಾಷೆ. ನೆರೆಮನೆಯ ಹಬ್ಬ ಬೇರೆ, ಊಟ ಬೇರೆ. ಏಕೆಂದು ಮಗು ಕೇಳಿದರೆ ಗದರಿಸಿ ಸುಮ್ಮನಾಗಿಸುವವರೇ ನಮ್ಮಲ್ಲಿ ಹೆಚ್ಚು. 350 ವರ್ಷಗಳಿಗೂ ಹಿಂದೆ ಇಂತಹ ಪ್ರಶ್ನೆಗಳಿಗೆ ಚಿತ್ರಗಳ ಮೂಲಕ ಉತ್ತರ ಕೊಡಲೆಳಸಿದ ಮಹನೀಯನೊಬ್ಬನ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ. ಆತನೂ ಊರು ಬಿಟ್ಟವನೇ.

ಯೋಹಾನ್ ಆಮೋಸ್ ಕೊಮೇನಿಯಸನು 1592ರ ಮಾರ್ಚ್ 28ರಂದು, ಇಂದು ಚೆಕ್ ದೇಶಕ್ಕೆ ಸೇರಿರುವ ಮೊರಾವಿಯಾ ಪ್ರಾಂತದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಂದೆತಾಯಿಗಳು ಗತಿಸಿದರು. ಲ್ಯಾಟಿನ್ ಶಾಲೆಯನ್ನು ಸೇರುವಾಗ ಆತನಿಗೆ 16 ವರ್ಷ. ಅರ್ಥವರಿಯದ ಬಾಯಿಪಾಠ ಹಾಗೂ ಬೆತ್ತದೇಟು, ಇವೇ ಅಂದಿನ ವಿದ್ಯಾಭ್ಯಾಸ. ಆ ಕಹಿಯನ್ನು ಆತನು ಕೊನೆಯವರೆಗೂ ಮರೆಯಲಿಲ್ಲ.

ಮುಂದೆ ಆತನು ಪಾದ್ರಿಯೂ ಉಪಾಧ್ಯಾಯನೂ ಆದನು. ಅಷ್ಟರಲ್ಲಿ 1618ರ ಮಹಾಯುದ್ಧವು ಸಿಡಿಯಿತು. ಆತನ ಪ್ರೊಟೆಸ್ಟಂಟ್ ಪಂಥದವರಿಗೆ ಸ್ವದೇಶದಲ್ಲಿ ನೆಲೆಯಿಲ್ಲವಾಯಿತು. ಪತ್ನಿಯೂ ಎರಡು ಕಂದಮ್ಮಗಳೂ ಪಿಡುಗಿಗೆ ಬಲಿಯಾದರು. 1628ರಲ್ಲಿ ಗಡಿಯನ್ನು ದಾಟಿ ಪೋಲೆಂಡಿನ ಲೆಶ್ನೊ ಪಟ್ಟಣವನ್ನು ಸೇರಿದವನು ಮತ್ತೆ ಹುಟ್ಟೂರಿಗೆ ಮರಳಲಿಲ್ಲ. ಇಂಗ್ಲೆಂಡ್, ಸ್ವೀಡನ್, ಹಂಗೇರಿಗಳು ಆತನನ್ನು ಕರೆಸಿಕೊಂಡವು. ನೆಲೆ ಮಾತ್ರ ಎಲ್ಲಿಯೂ ನಿಲ್ಲಲಿಲ್ಲ. ಬಡವ ಬಲ್ಲಿದ, ಹುಡುಗ ಹುಡುಗಿ ಎಂಬ ಭೇದವಿಲ್ಲದೆ ಎಲ್ಲರಿಗೂ ವಿದ್ಯೆ ಬೇಕು, ಮೊದಲ ಪಾಠವು ತಾಯಿನುಡಿಯಲ್ಲಿಯೇ ಆಗಬೇಕು ಎಂದು ಆತನು ಹೋದಲ್ಲೆಲ್ಲಾ ಸಾರಿದನು.

1656ರಲ್ಲಿ ಲೆಶ್ನೊ ಬೆಂಕಿಗೆ ಆಹುತಿಯಾಯಿತು. 40 ವರ್ಷಗಳಿಗೂ ಮಿಕ್ಕು ಶ್ರಮಪಟ್ಟು ಕೂಡಿಸಿದ್ದ ತಾಯಿನುಡಿಯ ನಿಘಂಟಿನ ಹಸ್ತಪ್ರತಿಯೂ ಅದರಲ್ಲಿ ಬೂದಿಯಾಯಿತು. ಮತ್ತೊಬ್ಬನಾಗಿದ್ದರೆ ಲೇಖನಿಯನ್ನೇ ಕೆಳಗಿಡುತ್ತಿದ್ದನು. ಈತನು ಆಮ್‌ಸ್ಟರ್‌ಡಾಮಿಗೆ ಹೋಗಿ ಬರವಣಿಗೆಯನ್ನು ಮುಂದುವರಿಸಿದನು.

ಹಂಗೇರಿಯಲ್ಲಿದ್ದಾಗ ರಚಿಸಿದ್ದ 'ಆರ್ಬಿಸ್ ಪಿಕ್ಟಸ್' ಎಂಬ ಆತನ ಗ್ರಂಥವು 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು. ಚಿತ್ರದಲ್ಲಿನ ಪ್ರತಿಯೊಂದು ವಸ್ತುವಿಗೂ ಒಂದು ಅಂಕೆ. ಕೆಳಗೆ ಅದೇ ಅಂಕೆಯೊಡನೆ ಲ್ಯಾಟಿನ್ನಿನಲ್ಲಿಯೂ ಜರ್ಮನ್ನಿನಲ್ಲಿಯೂ ಅದರ ಹೆಸರು. ಅಕ್ಷರಗಳನ್ನು ಕಾಗೆಯ ಕೂಗು, ಕುರಿಯ ಅರಚುಗಳಿಂದ ಕಲಿಸಿದನು. ರೊಟ್ಟಿ ಸುಡುವವನಿಗೂ ಅಡುಗೆಮನೆಗೂ ಅದರಲ್ಲಿ ಪಾಠಗಳುಂಟೆಂಬುದು ಹೊಟೇಲಿನಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಹರ್ಷವನ್ನುಂಟುಮಾಡಬಹುದು. ಯೆಹೂದ್ಯ, ಕ್ರೈಸ್ತ, ಇಸ್ಲಾಂ ಮತಗಳಿಗೂ ಪ್ರತ್ಯೇಕ ಪಾಠಗಳಿದ್ದವು. ಮರುವರ್ಷವೇ ಇಂಗ್ಲಿಷ್ ಅನುವಾದವೂ ಬಂದಿತು.

ಒಂದು ಕೊರತೆಯನ್ನು ಮರೆಮಾಚಲಾರೆವು. ಅನ್ಯಮತಗಳನ್ನು ಆತನು ಸ್ವಮತದ ಕಣ್ಣಿನಿಂದಲೇ ನೋಡಿ ಕಟುವಾಗಿ ಬರೆದನು. ಮತದ್ವೇಷದಿಂದಲೇ ಮನೆಮಠಗಳನ್ನು ಕಳೆದುಕೊಂಡವನಿಗೂ ಆ ದೋಷವು ತಪ್ಪಲಿಲ್ಲವೆಂದಮೇಲೆ ನಾವು ಎಷ್ಟು ಎಚ್ಚರದಿಂದಿರಬೇಕು! ನೆರೆಯವರ ಆಚಾರವನ್ನು ಮಗುವಿಗೆ ವಿವರಿಸುವಾಗ ನಮ್ಮ ಒಂದು ಹಗುರವಾದ ಮಾತು ಅದರ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ.

1670ರ ನವೆಂಬರ್ 15ರಂದು ಕೊಮೇನಿಯಸನು ಪರದೇಶದಲ್ಲಿಯೇ ಕಾಲವಾದನು. ಹಾಲೆಂಡಿನ ನಾರ್ಡೆನ್ ಪಟ್ಟಣದಲ್ಲಿ ಆತನ ಸಮಾಧಿಯಿದೆ. ಹೊರದೂಡಿದ ಆ ನಾಡೇ ಇಂದು ಆತನ ಜನ್ಮದಿನವನ್ನು ಉಪಾಧ್ಯಾಯರ ದಿನವಾಗಿ ಆಚರಿಸುತ್ತಿದೆ.